ಸಾಲವಿಲ್ಲದೆ ಒಪ್ಪಿಕೊಂಡ ಷರತ್ತುಗಳು: ವಿಮೋಚನೆಯ ನಂತರದ ದಕ್ಷಿಣ ಆಫ್ರಿಕಾ, 1996ರ ಆರ್ಥಿಕ ನಿರ್ಧಾರ ಮತ್ತು ಅದರ ಫಲ

1996ರ ಜೂನ್ 14ರಂದು ದಕ್ಷಿಣ ಆಫ್ರಿಕಾದ ಹಣಕಾಸು ಸಚಿವ ಟ್ರೆವರ್ ಮ್ಯಾನುಯೆಲ್ ಸಂಸತ್ತಿನ ಮುಂದೆ ಒಂದು ಆರ್ಥಿಕ ಕಾರ್ಯಕ್ರಮವನ್ನಿಟ್ಟರು. ‘ಬೆಳವಣಿಗೆ, ಉದ್ಯೋಗ ಮತ್ತು ಮರುಹಂಚಿಕೆ’ ಎಂಬುದು ಅದರ ಹೆಸರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಗೇರ್’ ಎಂದು ಕರೆಯುವುದು ರೂಢಿಯಾಯಿತು. ವಿತ್ತೀಯ ಕೊರತೆಯನ್ನು 1999–2000ರ ಹೊತ್ತಿಗೆ ಒಟ್ಟು ದೇಶೀಯ ಉತ್ಪನ್ನದ ಶೇ 3ಕ್ಕೆ ಇಳಿಸುವುದು, ಆಮದು ಸುಂಕಗಳನ್ನು ತಗ್ಗಿಸುವುದು, ವಿದೇಶಿ ವಿನಿಮಯದ ನಿರ್ಬಂಧಗಳನ್ನು ಹಂತಹಂತವಾಗಿ ಸಡಿಲಿಸುವುದು, ಸರ್ಕಾರಿ ಉದ್ಯಮಗಳ ಪಾಲನ್ನು ಮಾರುವುದು, ವೇತನ ಏರಿಕೆಗೆ ಕಡಿವಾಣ ಹಾಕುವುದು ಅದರ ಮುಖ್ಯಾಂಶಗಳಾಗಿದ್ದವು. ಇವೆಲ್ಲದಕ್ಕೆ ಪ್ರತಿಯಾಗಿ 2000ದ ವೇಳೆಗೆ ವರ್ಷಕ್ಕೆ ಶೇ 6ರ ಬೆಳವಣಿಗೆ ಮತ್ತು ವರ್ಷಕ್ಕೆ ನಾಲ್ಕು ಲಕ್ಷ ಹೊಸ ಉದ್ಯೋಗಗಳು ದೊರೆಯುತ್ತವೆ ಎಂದು ಲೆಕ್ಕ ಹಾಕಲಾಗಿತ್ತು. ಇದರ ಮೂಲಭೂತ ಅಂಶಗಳು ಚರ್ಚೆಗೆ ತೆರೆದಿಲ್ಲ ಎಂದು ಸಚಿವರು ಅಂದೇ ಸ್ಪಷ್ಟಪಡಿಸಿದರು.

ಈ ಪಟ್ಟಿಯಲ್ಲಿ ಭಾರತದ ಓದುಗರಿಗೆ ಅಪರಿಚಿತವಾದುದು ಯಾವುದೂ ಇಲ್ಲ. 1991ರಲ್ಲಿ ಚಿನ್ನವನ್ನು ಒತ್ತೆಯಿಟ್ಟು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಗಿ ನಾವು ಒಪ್ಪಿಕೊಂಡ ಷರತ್ತುಗಳೂ ಹೆಚ್ಚುಕಡಿಮೆ ಇವೇ ಆಗಿದ್ದವು. ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. 1996ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ ನಿಧಿಯಿಂದ ಯಾವ ಹೊಸ ಸಾಲವನ್ನೂ ಕೇಳಿರಲಿಲ್ಲ. ಸಾಲ ಕೊಡುವವರು ವಿಧಿಸಬಹುದಾಗಿದ್ದ ಶಿಸ್ತನ್ನು ಅದು ಸಾಲವಿಲ್ಲದೆಯೇ, ತಾನಾಗಿ, ತನ್ನ ಮೇಲೆ ಹೇರಿಕೊಂಡಿತು. ಮೂರೂವರೆ ಶತಮಾನಗಳ ಬಿಳಿಯರ ಆಳ್ವಿಕೆಯನ್ನು ಕೊನೆಗಾಣಿಸಿ, ಶೇ 62ಕ್ಕೂ ಹೆಚ್ಚು ಮತಗಳೊಂದಿಗೆ ಬಂದಿದ್ದ ಸರ್ಕಾರವೊಂದು ಎರಡೇ ವರ್ಷಗಳಲ್ಲಿ ಹಾಗೇಕೆ ಮಾಡಿತು, ಅದರಿಂದ ವಿಶ್ವದ ಅರ್ಥವ್ಯವಸ್ಥೆಯಲ್ಲಿ ಮತ್ತು ಅಭಿವೃದ್ಧಿಶೀಲ ದೇಶಗಳ ನಡುವೆ ಅದಕ್ಕೆ ಯಾವ ಸ್ಥಾನ ದೊರೆಯಿತು ಎಂಬುದು ಈ ಅಧ್ಯಯನದ ವಿಷಯ.

ಅಧಿಕಾರಕ್ಕೆ ಮುನ್ನವೇ ಮುಗಿದಿದ್ದ ಮಾತುಕತೆ

ಪ್ರಕರಣದ ಬೇರು 1985ರಲ್ಲಿದೆ. ಆ ವರ್ಷದ ಜುಲೈನಲ್ಲಿ ಅಮೆರಿಕದ ಚೇಸ್ ಮ್ಯಾನ್‌ಹ್ಯಾಟನ್ ಬ್ಯಾಂಕ್ ದಕ್ಷಿಣ ಆಫ್ರಿಕಾದ ಅಲ್ಪಾವಧಿ ಸಾಲಗಳನ್ನು ನವೀಕರಿಸಲು ನಿರಾಕರಿಸಿತು. ಉಳಿದ ಬ್ಯಾಂಕುಗಳು ಅದನ್ನೇ ಅನುಸರಿಸಿದವು. ಆಗಸ್ಟ್ 15ರಂದು ಡರ್ಬನ್‌ನಲ್ಲಿ ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ ಸುಧಾರಣೆಗಳನ್ನು ಘೋಷಿಸುವರೆಂದು ಜಗತ್ತು ಕಾದಿದ್ದಾಗ ಅವರು ಬೆರಳೆತ್ತಿ ಗದರಿಸುವ ಭಾಷಣ ಮಾಡಿದರು. ದೇಶದ ನಾಣ್ಯವಾದ ರಾಂಡ್ ಕುಸಿಯಿತು, ಸೆಪ್ಟೆಂಬರ್ ಆರಂಭದಲ್ಲಿ ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನೇ ತಡೆಹಿಡಿಯಿತು. ಅಲ್ಲಿಂದ ಮುಂದೆ ಒಂದು ದಶಕದ ಕಾಲ ಬಂಡವಾಳ ಹೊರಗೆ ಹರಿಯಿತೇ ಹೊರತು ಒಳಗೆ ಬರಲಿಲ್ಲ. 1990ರಿಂದ 1992ರವರೆಗೆ ಮೂರು ವರ್ಷ ಸತತವಾಗಿ ಅರ್ಥವ್ಯವಸ್ಥೆ ಕುಗ್ಗಿತು. ವರ್ಣಭೇದ ಆಡಳಿತವನ್ನು ಮಣಿಸಿದ್ದು ಬೀದಿಯ ಹೋರಾಟ ಎಷ್ಟೋ ಸಾಲದಾತರ ಹಿಂಜರಿಕೆಯೂ ಅಷ್ಟೇ. ಮುಂದೆ ಅಧಿಕಾರಕ್ಕೆ ಬರಲಿದ್ದವರು ಈ ಪಾಠವನ್ನು ಚೆನ್ನಾಗಿಯೇ ಕಲಿತರು: ಬ್ಯಾಂಕುಗಳು ಬೆನ್ನು ತಿರುಗಿಸಿದರೆ ಪ್ರಿಟೋರಿಯಾದಲ್ಲಿ ಯಾವ ಸರ್ಕಾರವೂ ಬಹುಕಾಲ ನಿಲ್ಲುವುದಿಲ್ಲ.

ವರ್ಣಭೇದದ ವಿರುದ್ಧ ಹೋರಾಡಿದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಎಎನ್‌ಸಿ, ತನ್ನ ಮಿತ್ರ ಸಂಘಟನೆಗಳೊಂದಿಗೆ 1955ರಲ್ಲಿ ಕ್ಲಿಪ್‌ಟೌನ್‌ನಲ್ಲಿ ಅಂಗೀಕರಿಸಿದ್ದ ಸ್ವಾತಂತ್ರ್ಯ ಸನ್ನದು ಗಣಿಗಳು, ಬ್ಯಾಂಕುಗಳು ಮತ್ತು ಏಕಸ್ವಾಮ್ಯ ಉದ್ಯಮಗಳು ಜನರ ಒಡೆತನಕ್ಕೆ ಬರಬೇಕೆಂದು ಹೇಳಿತ್ತು. 1990ರ ಜನವರಿಯಲ್ಲಿ, ಬಿಡುಗಡೆಗೆ ಕೆಲವೇ ದಿನಗಳಿದ್ದಾಗ, ನೆಲ್ಸನ್ ಮಂಡೇಲಾ ಸೆರೆಮನೆಯಿಂದ ಬರೆದ ಪತ್ರದಲ್ಲಿ ಅದನ್ನೇ ಪುನರುಚ್ಚರಿಸಿದ್ದರು. 1992ರ ಫೆಬ್ರವರಿಯಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯ ಸಭೆಯಿಂದ ಮರಳುವ ಹೊತ್ತಿಗೆ ಅವರ ಮಾತು ಬದಲಾಗಿತ್ತು. ಅಲ್ಲಿ ಚೀನಾ ಮತ್ತು ವಿಯೆಟ್ನಾಂನ ಪ್ರತಿನಿಧಿಗಳೇ ರಾಷ್ಟ್ರೀಕರಣ ಬೇಡವೆಂದು ತಮಗೆ ತಿಳಿಹೇಳಿದರು ಎಂದು ಅವರು ನಂತರದ ವರ್ಷಗಳಲ್ಲಿ ನೆನಪಿಸಿಕೊಳ್ಳುತ್ತಿದ್ದರು. ಸೋವಿಯತ್ ಒಕ್ಕೂಟ ಆಗಷ್ಟೇ ಕಣ್ಮರೆಯಾಗಿತ್ತು. ಪರ್ಯಾಯವೊಂದಕ್ಕೆ ಹಣ ಕೊಡಬಲ್ಲ ರಾಜಧಾನಿ ಜಗತ್ತಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

ಆದರೂ ಪರ್ಯಾಯ ಚಿಂತನೆ ಇರಲಿಲ್ಲವೆಂದು ಹೇಳಲಾಗದು. ಎಎನ್‌ಸಿಯೇ ಬೆಂಬಲಿಸಿ ಸ್ಥಾಪಿಸಿದ್ದ ಒಂದು ಆರ್ಥಿಕ ಸಂಶೋಧನಾ ತಂಡ, ಲಂಡನ್‌ನಲ್ಲಿ ದೀರ್ಘಕಾಲ ಬ್ಯಾಂಕಿಂಗ್‌ನಲ್ಲಿದ್ದ ಭಾರತೀಯ ಮೂಲದ ವೆಲ್ಲಾ ಪಿಳ್ಳೈ ಅವರ ನೇತೃತ್ವದಲ್ಲಿ, 1993ರ ಕೊನೆಗೆ ತನ್ನ ವರದಿ ಕೊಟ್ಟಿತು. ಮೊದಲ ಹಂತದಲ್ಲಿ ಸರ್ಕಾರವೇ ವಸತಿ, ವಿದ್ಯುತ್, ಶಿಕ್ಷಣ, ಆರೋಗ್ಯಗಳಲ್ಲಿ ಹಣ ತೊಡಗಿಸಿ ಬೇಡಿಕೆಯನ್ನು ಸೃಷ್ಟಿಸಬೇಕು, ಖಾಸಗಿ ಹೂಡಿಕೆ ಅದರ ಹಿಂದೆ ಬರುತ್ತದೆ, ರಿಸರ್ವ್ ಬ್ಯಾಂಕ್ ಚುನಾಯಿತ ಸರ್ಕಾರಕ್ಕೆ ಉತ್ತರದಾಯಿಯಾಗಿರಬೇಕು ಎಂಬುದು ಅದರ ತಿರುಳು. ವರದಿ ಪ್ರಕಟವಾಗುವಷ್ಟರಲ್ಲಿ ಅದರ ಕೊನೆಯ ಶಿಫಾರಸು ಅಪ್ರಸ್ತುತವಾಗಿತ್ತು. ಮಧ್ಯಂತರ ಸಂವಿಧಾನದ ಮಾತುಕತೆಯಲ್ಲಿ ಆಸ್ತಿ ಹಕ್ಕಿನ ರಕ್ಷಣೆಯ ಜೊತೆಗೆ ರಿಸರ್ವ್ ಬ್ಯಾಂಕಿನ ಸ್ವಾಯತ್ತತೆಯನ್ನೂ ಎಎನ್‌ಸಿ ಒಪ್ಪಿಬಿಟ್ಟಿತ್ತು.

ಅದೇ 1993ರ ಡಿಸೆಂಬರ್‌ನಲ್ಲಿ, ಚುನಾವಣೆಗೆ ನಾಲ್ಕು ತಿಂಗಳಿರುವಾಗ, ಎಎನ್‌ಸಿಯೂ ಸದಸ್ಯನಾಗಿದ್ದ ಮಧ್ಯಂತರ ಕಾರ್ಯಕಾರಿ ಮಂಡಳಿಯ ಒಪ್ಪಿಗೆಯೊಂದಿಗೆ ಹಣಕಾಸು ನಿಧಿಯಿಂದ 85 ಕೋಟಿ ಡಾಲರ್ ಸಾಲ ಪಡೆಯಲಾಯಿತು. ಬರಗಾಲದಿಂದ ರಫ್ತು ಇಳಿದು ಆಹಾರದ ಆಮದು ಹೆಚ್ಚಿದ್ದು ಅದಕ್ಕೆ ಕೊಟ್ಟ ಕಾರಣ. ಸಾಲಪತ್ರದ ಜೊತೆಗಿದ್ದ ಆಶಯ ಪತ್ರದಲ್ಲಿ ಕೊರತೆಯನ್ನು ತಗ್ಗಿಸುವ, ವೇತನಗಳನ್ನು ಹಿಡಿತದಲ್ಲಿಡುವ, ವ್ಯಾಪಾರವನ್ನು ತೆರೆಯುವ ಮಾತುಗಳಿದ್ದವು. ಮೊತ್ತ ದೊಡ್ಡದೇನಲ್ಲ. ಆದರೆ ಇನ್ನೂ ಯಾರೂ ಮತ ಹಾಕಿರದ ಸರ್ಕಾರದ ಪರವಾಗಿ ಕೊಟ್ಟ ಮಾತು ಅದು. ಅದಾದ ಮೇಲೆ 2020ರ ಜುಲೈವರೆಗೆ, ಅಂದರೆ ಕೊರೊನಾ ಕಾಲದವರೆಗೆ, ದಕ್ಷಿಣ ಆಫ್ರಿಕಾ ನಿಧಿಯಿಂದ ಮತ್ತೆ ಸಾಲ ಪಡೆಯಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಿಜವಾದ ನಿರ್ಣಾಯಕ ಕ್ಷಣ 1996 ಅಲ್ಲ, 1993. ರಾಜಕೀಯ ಅಧಿಕಾರದ ಮಾತುಕತೆಯಲ್ಲಿ ಎಎನ್‌ಸಿ ಪ್ರತಿ ಅಂಗುಲಕ್ಕೂ ಹೋರಾಡಿತು. ಮತದಾನದ ರೀತಿ, ಪ್ರಾಂತ್ಯಗಳ ಅಧಿಕಾರ, ಸೇನೆಯ ವಿಲೀನ ಎಲ್ಲವೂ ರಾತ್ರಿಯಿಡೀ ಚರ್ಚೆಯಾದವು. ಆರ್ಥಿಕ ವಿಷಯಗಳು ತಾಂತ್ರಿಕ ಸಮಿತಿಗಳಿಗೆ ಹೋದವು. ದಶಕಗಳ ಕಾಲ ಸೆರೆಮನೆಯಲ್ಲಿ, ಗಡಿಪಾರಿನಲ್ಲಿ, ಭೂಗತವಾಗಿ ಬದುಕಿದ್ದ ಚಳವಳಿಯೊಂದು ಹಣಕಾಸಿನ ಪರಿಣತರನ್ನು ಬೆಳೆಸಿಕೊಂಡಿರಲಿಲ್ಲ ಎಂಬುದು ಅರ್ಥವಾಗುವ ಸಂಗತಿಯೇ. ಎದುರಿಗೆ ಕುಳಿತಿದ್ದವರ ಬಳಿ ಇದ್ದದ್ದು ಆ ಪರಿಣತಿಯೊಂದೇ.

ಆನುವಂಶಿಕ ಸಾಲದ ಪ್ರಶ್ನೆ

ದಬ್ಬಾಳಿಕೆಯ ಸರ್ಕಾರ ಮಾಡಿದ ಸಾಲವನ್ನು ದಬ್ಬಾಳಿಕೆಗೊಳಗಾದವರು ತೀರಿಸಬೇಕೇ? ಚರ್ಚಿನ ಮುಖಂಡರೂ ಸಾಲಮನ್ನಾ ಚಳವಳಿಗಾರರೂ ಈ ಪ್ರಶ್ನೆಯನ್ನು 1990ರ ದಶಕದುದ್ದಕ್ಕೂ ಎತ್ತಿದರು. ನೈತಿಕವಾಗಿ ಅವರ ವಾದ ಬಲವಾದದ್ದು. ಆದರೆ ಲೆಕ್ಕಪುಸ್ತಕ ತೆರೆದು ನೋಡಿದರೆ ಚಿತ್ರ ಬೇರೆಯಾಗಿತ್ತು. ಸರ್ಕಾರದ ಸಾಲದ ಬಹುಪಾಲು ವಿದೇಶಿ ಬ್ಯಾಂಕುಗಳಿಗಲ್ಲ, ದೇಶದೊಳಗಿನ ಬಾಂಡುದಾರರಿಗೆ ಕೊಡಬೇಕಾದದ್ದಾಗಿತ್ತು. ಅವರಲ್ಲಿ ಅತಿ ದೊಡ್ಡ ಪಾಲು ಸರ್ಕಾರಿ ನೌಕರರ ಪಿಂಚಣಿ ನಿಧಿಯದು. ಹೊಸ ಆಡಳಿತ ಬಂದರೆ ತಮ್ಮ ಪಿಂಚಣಿಗೆ ಕುತ್ತು ಬಂದೀತೆಂದು ಹಳೆಯ ಆಡಳಿತದ ಕೊನೆಯ ವರ್ಷಗಳಲ್ಲಿ ಆ ನಿಧಿಗೆ ಸರ್ಕಾರಿ ಬಾಂಡುಗಳ ರಾಶಿಯನ್ನೇ ತುಂಬಲಾಗಿತ್ತು. ಸಾಲವನ್ನು ನಿರಾಕರಿಸಿದರೆ ಮೊದಲ ಪೆಟ್ಟು ಬೀಳುತ್ತಿದ್ದದ್ದು ಬಿಳಿಯ ಅಧಿಕಾರಿಗೆ ಮಾತ್ರವಲ್ಲ, ಕಪ್ಪು ಶಿಕ್ಷಕಿಗೆ, ದಾದಿಗೆ, ಪೊಲೀಸ್ ಪೇದೆಗೆ ಕೂಡ.

ಹೀಗಾಗಿ ಸಾಲ ತೀರಿಸುವ ತೀರ್ಮಾನವಾಯಿತು. ದಶಕದ ಕೊನೆಯ ಹೊತ್ತಿಗೆ ಸರ್ಕಾರ ಖರ್ಚು ಮಾಡುತ್ತಿದ್ದ ಪ್ರತಿ ಐದು ರಾಂಡ್‌ಗಳಲ್ಲಿ ಸುಮಾರು ಒಂದು ಬಡ್ಡಿಗೇ ಹೋಗುತ್ತಿತ್ತು. ಪಿಂಚಣಿ ನಿಧಿಯನ್ನು ಪೂರ್ಣ ತುಂಬಿಸಿಡುವ ಬದಲು ಹಾಲಿ ನೌಕರರ ವಂತಿಗೆಯಿಂದಲೇ ನಿವೃತ್ತರಿಗೆ ಪಾವತಿಸುವ ಹಳೆಯ ಪದ್ಧತಿಗೆ ಭಾಗಶಃ ಮರಳಬಹುದಿತ್ತು. ಆಗ ಸಾಲವೂ ಬಡ್ಡಿಯೂ ಇಳಿಯುತ್ತಿದ್ದವು, ಯಾರ ಪಿಂಚಣಿಯೂ ನಿಲ್ಲುತ್ತಿರಲಿಲ್ಲ. ಕಾರ್ಮಿಕ ಸಂಘಗಳ ಅರ್ಥಶಾಸ್ತ್ರಜ್ಞರು ಇದನ್ನು ಸೂಚಿಸಿದ್ದರು. ಮಾರುಕಟ್ಟೆಗೆ ತಪ್ಪು ಸಂದೇಶ ಹೋದೀತೆಂಬ ಭಯವೇ ಅದನ್ನು ಕೈಬಿಡಲು ಸಾಕಾಯಿತು ಎಂದು ಕಾಣುತ್ತದೆ.

ಎರಡು ವರ್ಷ, ಒಂದು ಕುಸಿತ

1994ರ ಏಪ್ರಿಲ್ ಚುನಾವಣೆಗೆ ಎಎನ್‌ಸಿ ಹೋದದ್ದು ‘ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಕಾರ್ಯಕ್ರಮ’ದೊಂದಿಗೆ. ಐದು ವರ್ಷಗಳಲ್ಲಿ ಹತ್ತು ಲಕ್ಷ ಮನೆಗಳು, ಎಲ್ಲರಿಗೂ ನೀರು, ವಿದ್ಯುತ್, ಪ್ರಾಥಮಿಕ ಆರೋಗ್ಯ ಸೇವೆ ಅದರಲ್ಲಿದ್ದವು. ಕಾರ್ಮಿಕ ಮಹಾಸಂಘ ಕೊಸಾಟುವಿನ ಪ್ರಧಾನ ಕಾರ್ಯದರ್ಶಿಯಾಗಿದ್ದ ಜೇ ನಾಯ್ಡು ಅವರನ್ನು ಇದಕ್ಕೆಂದೇ ಸಚಿವರನ್ನಾಗಿ ಮಾಡಲಾಯಿತು. ಆದರೆ ಹಣಕಾಸು ಖಾತೆ ಹಳೆಯ ಆಡಳಿತದಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಡೆರೆಕ್ ಕೀಸ್ ಅವರಲ್ಲೇ ಉಳಿಯಿತು, ಅವರ ನಂತರ ಬ್ಯಾಂಕರ್ ಕ್ರಿಸ್ ಲೀಬೆನ್‌ಬರ್ಗ್ ಬಂದರು. ರಿಸರ್ವ್ ಬ್ಯಾಂಕಿನ ಗವರ್ನರ್ ಕ್ರಿಸ್ ಸ್ಟಾಲ್ಸ್ 1999ರವರೆಗೂ ಅಲ್ಲಿಯೇ ಇದ್ದರು. ಕಾರ್ಯಕ್ರಮಕ್ಕೆ ಕಚೇರಿಯಿತ್ತು, ಖಜಾನೆಯ ಬೀಗದ ಕೈ ಬೇರೆಯವರ ಬಳಿಯಿತ್ತು. 1996ರ ಮಾರ್ಚ್‌ನಲ್ಲಿ ಆ ಕಚೇರಿಯನ್ನೇ ಮುಚ್ಚಲಾಯಿತು.

1995ರ ಮಾರ್ಚ್‌ನಲ್ಲಿ ತೆಗೆದುಕೊಂಡ ಒಂದು ನಿರ್ಧಾರಕ್ಕೆ ಸಾಕಷ್ಟು ಗಮನ ಸಿಕ್ಕಿಲ್ಲ. ಅಲ್ಲಿಯವರೆಗೆ ದೇಶದಲ್ಲಿ ಎರಡು ಬಗೆಯ ರಾಂಡ್ ಇತ್ತು. ವಿದೇಶಿ ಹೂಡಿಕೆದಾರರು ತಮ್ಮ ಷೇರು, ಬಾಂಡುಗಳನ್ನು ಮಾರಿ ಹೊರಹೋಗಬೇಕೆಂದರೆ ‘ಹಣಕಾಸು ರಾಂಡ್’ ಎಂಬ ಪ್ರತ್ಯೇಕ, ಅಗ್ಗದ ವಿನಿಮಯ ದರದಲ್ಲಿ ಹೋಗಬೇಕಿತ್ತು. ಆದ್ದರಿಂದ ಅವರು ಓಡಿಹೋದರೂ ಆಮದು–ರಫ್ತಿನ ರಾಂಡ್ ಅಲುಗಾಡುತ್ತಿರಲಿಲ್ಲ. ಆ ತಡೆಗೋಡೆಯನ್ನು 1995ರಲ್ಲಿ ಕೆಡವಲಾಯಿತು. ಬರುವ ಹಣಕ್ಕೆ ಬಾಗಿಲು ತೆರೆಯುವುದು ಉದ್ದೇಶವಾಗಿತ್ತು, ಹಣ ಬಂದಿತು ಕೂಡ. ಬಂದದ್ದು ಹೆಚ್ಚಾಗಿ ಕಾರ್ಖಾನೆ ಕಟ್ಟುವ ಹಣವಲ್ಲ, ಜೋಹಾನ್ಸ್‌ಬರ್ಗ್‌ನ ಷೇರು ಮತ್ತು ಬಾಂಡು ಪೇಟೆಯಲ್ಲಿ ಕುಳಿತು ಬೇಕೆಂದಾಗ ಎದ್ದುಹೋಗುವ ಹಣ.

1996ರ ಫೆಬ್ರವರಿ ಮಧ್ಯದಲ್ಲಿ ಮಂಡೇಲಾರ ಆರೋಗ್ಯದ ಬಗ್ಗೆ ಗಾಳಿಸುದ್ದಿಯೊಂದು ಹಬ್ಬಿತು. ಡಾಲರಿಗೆ ಸುಮಾರು 3.65 ಇದ್ದ ರಾಂಡ್ ಇಳಿಯತೊಡಗಿತು. ಏಪ್ರಿಲ್‌ನಲ್ಲಿ ಎಎನ್‌ಸಿಯ ಮೊದಲ ಹಣಕಾಸು ಸಚಿವರಾಗಿ ಮ್ಯಾನುಯೆಲ್ ಬಂದಾಗ ಪೇಟೆಯ ಅನುಮಾನ ಇನ್ನಷ್ಟು ಹೆಚ್ಚಿತು. ವರ್ಷದ ಕೊನೆಗೆ ದರ 4.70ರ ಆಸುಪಾಸಿಗೆ ಬಂದಿತ್ತು. ಈ ಇಳಿತದ ನಡುವೆ, ರಿಸರ್ವ್ ಬ್ಯಾಂಕ್, ಅಭಿವೃದ್ಧಿ ಬ್ಯಾಂಕ್, ವಿಶ್ವವಿದ್ಯಾಲಯಗಳು ಮತ್ತು ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞರಿದ್ದ ಸಣ್ಣ ತಂಡವೊಂದು ಗೇರ್ ಅನ್ನು ಸಿದ್ಧಪಡಿಸಿತು. ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರು ಆರ್ಥಿಕ ನೀತಿಯನ್ನು ಒಟ್ಟಿಗೆ ಕುಳಿತು ಚರ್ಚಿಸಲೆಂದು ಹಿಂದಿನ ವರ್ಷವಷ್ಟೇ ನೆಡ್‌ಲ್ಯಾಕ್ ಎಂಬ ಶಾಸನಬದ್ಧ ವೇದಿಕೆ ಕೆಲಸ ಆರಂಭಿಸಿತ್ತು. ಗೇರ್ ಆ ವೇದಿಕೆಗೆ ಬರಲೇ ಇಲ್ಲ. ಕೊಸಾಟು ಮತ್ತು ಕಮ್ಯುನಿಸ್ಟ್ ಪಕ್ಷ, ಎಂದರೆ ಎಎನ್‌ಸಿಯ ಇಬ್ಬರು ಮಿತ್ರರು, ಅದನ್ನು ಓದಿದ್ದು ಪೇಟೆ ಓದಿದ ದಿನವೇ.

ಫಲಿತಾಂಶ

ಕೊರತೆಯ ಗುರಿಯನ್ನು ಸರ್ಕಾರ ಮುಟ್ಟಿತು, ದಾಟಿತು ಕೂಡ. 1990ರ ದಶಕದ ಆರಂಭದಲ್ಲಿ ಉತ್ಪನ್ನದ ಶೇ 7ನ್ನು ಮೀರಿದ್ದ ಕೊರತೆ ದಶಕದ ಕೊನೆಗೆ ಶೇ 3ರ ಕೆಳಗೆ ಬಂದಿತ್ತು. 2006–07ರಲ್ಲಿ ಆಯವ್ಯಯವು ಮಿಗತೆಯನ್ನೇ ತೋರಿಸಿತು. ಬೆಳವಣಿಗೆ ಮಾತ್ರ ಬರಲಿಲ್ಲ. 1996ರಲ್ಲಿ ಶೇ 4ರಷ್ಟಿದ್ದದ್ದು 1998ರಲ್ಲಿ ಶೇ 0.5ಕ್ಕೆ ಕುಸಿಯಿತು. ವರ್ಷಕ್ಕೆ ನಾಲ್ಕು ಲಕ್ಷ ಉದ್ಯೋಗಗಳ ಜಾಗದಲ್ಲಿ ಸಂಘಟಿತ ವಲಯದ ಉದ್ಯೋಗಗಳು ಕಡಿಮೆಯಾದವು. ನಿರುದ್ಯೋಗ, ಕೆಲಸ ಹುಡುಕುತ್ತಿರುವವರನ್ನಷ್ಟೇ ಎಣಿಸುವ ಅತಿ ಕಿರಿದಾದ ವ್ಯಾಖ್ಯಾನದಲ್ಲಿಯೂ, 2000ದ ದಶಕದ ಆರಂಭಕ್ಕೆ ಶೇ 25ನ್ನು ದಾಟಿತು.

ಇದರಲ್ಲಿ ಎಲ್ಲವೂ ಗೇರ್‌ನ ಪಾಪವಲ್ಲ. ಚಿನ್ನದ ಬೆಲೆ 1999ರಲ್ಲಿ ಔನ್ಸಿಗೆ 250 ಡಾಲರ್‌ಗಳ ಸಮೀಪಕ್ಕೆ ಇಳಿಯಿತು. 1980ರ ದಶಕದ ಕೊನೆಯಲ್ಲಿ ಐದು ಲಕ್ಷ ಜನರಿಗೆ ಕೆಲಸ ಕೊಡುತ್ತಿದ್ದ ಚಿನ್ನದ ಗಣಿಗಳಲ್ಲಿ ಹೊಸ ಶತಮಾನದ ಆರಂಭಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಜನ ಉಳಿದಿದ್ದರು. ಆಳಕ್ಕಿಳಿದಷ್ಟೂ ಅದಿರು ತೆಳುವಾಗುತ್ತದೆ, ಖರ್ಚು ಏರುತ್ತದೆ, ಬೆಲೆಯಾದರೋ ಬೇರೆಲ್ಲೋ ನಿರ್ಧಾರವಾಗುತ್ತದೆ. ಇದೇ ಬೆಲೆ ಕುಸಿತದ ಕಾಲದಲ್ಲಿ, 2001ರ ಫೆಬ್ರವರಿ 28ರಂದು, ನಮ್ಮ ಕೋಲಾರದ ಚಿನ್ನದ ಗಣಿಗಳೂ ಮುಚ್ಚಿದವು. ಚಾಂಪಿಯನ್ ರೀಫ್‌ನ ಕಾಲೊನಿಗಳನ್ನು ಕಂಡವರಿಗೆ ಫ್ರೀ ಸ್ಟೇಟ್ ಪ್ರಾಂತ್ಯದ ವೆಲ್ಕಮ್ ಪಟ್ಟಣದಲ್ಲಿ ಏನಾಯಿತೆಂದು ವಿವರಿಸಬೇಕಿಲ್ಲ. ವ್ಯತ್ಯಾಸವಿಷ್ಟೇ: ಕರ್ನಾಟಕಕ್ಕೆ ಅದು ಒಂದು ಪಟ್ಟಣದ ಕಥೆ, ದಕ್ಷಿಣ ಆಫ್ರಿಕಾಕ್ಕೆ ಮತ್ತು ಅಲ್ಲಿಗೆ ಕಾರ್ಮಿಕರನ್ನು ಕಳಿಸುತ್ತಿದ್ದ ಲೆಸೊಥೊ, ಮೊಜಾಂಬಿಕ್‌ಗಳಿಗೆ ಅರ್ಥವ್ಯವಸ್ಥೆಯ ಕಥೆ.

ಆದರೆ 1998ರಲ್ಲಿ ನಡೆದದ್ದಕ್ಕೆ ಚಿನ್ನ ಕಾರಣವಲ್ಲ. ಏಷ್ಯಾದ ಬಿಕ್ಕಟ್ಟು ರಷ್ಯಾದ ಮೂಲಕ ಹಾದು ಬಂದಾಗ ಜೋಹಾನ್ಸ್‌ಬರ್ಗ್‌ನಲ್ಲಿದ್ದ ಹಣ ಎದ್ದು ಹೊರಟಿತು. ರಾಂಡ್ ಡಾಲರಿಗೆ 6.50ನ್ನು ದಾಟಿತು. ಅದನ್ನು ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕ್ ವಾಯಿದಾ ಪೇಟೆಯಲ್ಲಿ, ಅಂದರೆ ಮುಂದಿನ ದಿನಾಂಕದ ವ್ಯವಹಾರಗಳ ಪೇಟೆಯಲ್ಲಿ, ಡಾಲರ್ ಮಾರುವ ವಾಗ್ದಾನಗಳನ್ನು ಪೇರಿಸುತ್ತ ಹೋಯಿತು. ತನ್ನ ಬಳಿ ಇಲ್ಲದ ಡಾಲರ್‌ಗಳ ಆ ಹೊಣೆ 2,300 ಕೋಟಿಯನ್ನು ಮುಟ್ಟಿತು, ಅದನ್ನು ತೀರಿಸಲು ಮುಂದೆ ಐದು ವರ್ಷ ಬೇಕಾದವು. ಬಡ್ಡಿ ದರವನ್ನೂ ಏರಿಸಲಾಯಿತು. ಬ್ಯಾಂಕುಗಳ ಮೂಲ ಸಾಲದ ದರ ಶೇ 25.5ಕ್ಕೆ ಹೋಯಿತು. ವರ್ಣಭೇದ ಕೊನೆಗೊಂಡ ಮೇಲೆ ಮೊದಲ ಬಾರಿಗೆ ಬ್ಯಾಂಕಿನಿಂದ ಗೃಹಸಾಲ ಪಡೆದು ನಗರದಲ್ಲಿ ಮನೆ ಕೊಂಡಿದ್ದ ಕಪ್ಪು ಕುಟುಂಬದ ಮಾಸಿಕ ಕಂತಿಗೆ ಈ ದರ ಏನು ಮಾಡಿರಬೇಕೆಂದು ಊಹಿಸಬಹುದು. ಅದೇ ತಿಂಗಳುಗಳಲ್ಲಿ ಬಂಡವಾಳ ಖಾತೆಯನ್ನು, ಅಂದರೆ ಹೂಡಿಕೆಯ ಹಣ ಗಡಿ ದಾಟುವ ದಾರಿಯನ್ನು, ಬಹುಪಾಲು ಮುಚ್ಚಿಟ್ಟಿದ್ದ ಭಾರತ ಮತ್ತು ಚೀನಾ ಈ ಬಿರುಗಾಳಿಯಿಂದ ಬಹುಮಟ್ಟಿಗೆ ಪಾರಾದವು. ಕೊರತೆಯ ಶಿಸ್ತಿನಲ್ಲಿ ದಕ್ಷಿಣ ಆಫ್ರಿಕಾ ಭಾರತಕ್ಕಿಂತ ಎಷ್ಟೋ ಕಟ್ಟುನಿಟ್ಟಾಗಿತ್ತು. ಆ ಶಿಸ್ತು ಅದನ್ನು ಕಾಯಲಿಲ್ಲ.

ಬಂಡವಾಳ ಒಳಬರುವ ನಿರೀಕ್ಷೆಯಲ್ಲಿ ಸಡಿಲಿಸಿದ ನಿಯಮಗಳಡಿ ಹೊರಗೆ ಹೋದದ್ದೂ ಕಡಿಮೆಯಲ್ಲ. 1997ರಲ್ಲಿ ಬಿಲಿಟನ್, 1999ರಲ್ಲಿ ಒಂದರ ಹಿಂದೊಂದು ಸೌತ್ ಆಫ್ರಿಕನ್ ಬ್ರೂವರೀಸ್, ಆಂಗ್ಲೊ ಅಮೆರಿಕನ್, ಓಲ್ಡ್ ಮ್ಯೂಚುವಲ್ ತಮ್ಮ ಪ್ರಧಾನ ಷೇರು ನೋಂದಣಿಯನ್ನು ಲಂಡನ್‌ಗೆ ಒಯ್ದವು. ಇವೆಲ್ಲವೂ ಸರ್ಕಾರದ ಅನುಮತಿಯಿಂದಲೇ ನಡೆದವು. ವಿದೇಶದಲ್ಲಿ ಅಗ್ಗವಾಗಿ ಹಣ ಎತ್ತಿ ಈ ಕಂಪನಿಗಳು ತಾಯ್ನಾಡಿನಲ್ಲಿ ಹೂಡುತ್ತವೆ ಎಂಬುದು ಆಗ ನೀಡಿದ ಸಮರ್ಥನೆ. ಅವು ಹೂಡಿದ್ದು ಜಗತ್ತಿನಾದ್ಯಂತ. ಲಾಭಾಂಶ ಮಾತ್ರ ಪ್ರತಿ ವರ್ಷ ರಾಂಡ್‌ನಿಂದ ಪೌಂಡ್‌ಗೆ ಬದಲಾಗಿ ಹೊರಹೋಗತೊಡಗಿತು. 2001ರ ಡಿಸೆಂಬರ್‌ನಲ್ಲಿ ರಾಂಡ್ ಡಾಲರಿಗೆ 13.84ಕ್ಕೆ ಕುಸಿದಾಗ ಅದರ ಕಾರಣ ಹುಡುಕಲು ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು. ಕಂಪನಿಗಳನ್ನು ಲಂಡನ್‌ಗೆ ಹೋಗಲು ಬಿಟ್ಟ ಆ ಒಂದು ತೀರ್ಮಾನವನ್ನು ಗೇರ್‌ನ ಬೇರೆಲ್ಲ ಅಂಶಗಳಿಗಿಂತ ಹೆಚ್ಚು ಹಾನಿಕರವೆಂದು ನಾನು ಎಣಿಸುತ್ತೇನೆ, ಏಕೆಂದರೆ ಕೊರತೆಯ ಮಿತಿಯನ್ನು ಮುಂದಿನ ಆಯವ್ಯಯದಲ್ಲಿ ಬದಲಿಸಬಹುದು, ಸುಂಕವನ್ನು ಒಪ್ಪಂದದ ಮಿತಿಯೊಳಗೆ ಏರಿಸಬಹುದು, ಲಂಡನ್‌ಗೆ ಹೋದ ಕಂಪನಿಯನ್ನು ವಾಪಸು ಕರೆಯಲಾಗದು.

ಸರ್ಕಾರದ ಪರವಾಗಿ ಹೇಳಬೇಕಾದದ್ದೂ ಇದೆ. ಸಾಲ ಇಳಿದಂತೆ ಬಡ್ಡಿಯಿಂದ ಉಳಿದ ಹಣ 2000ದ ನಂತರ ಸಾಮಾಜಿಕ ವೆಚ್ಚಕ್ಕೆ ಹರಿಯಿತು. 1998ರ ಏಪ್ರಿಲ್‌ನಲ್ಲಿ ಏಳು ವರ್ಷದೊಳಗಿನ ಬಡ ಮಕ್ಕಳಿಗೆ ತಿಂಗಳಿಗೆ 100 ರಾಂಡ್‌ನಂತೆ ಆರಂಭವಾದ ಮಕ್ಕಳ ಆಸರೆ ಧನ, ವಯೋಮಿತಿಯನ್ನು ಹಂತಹಂತವಾಗಿ 18ಕ್ಕೆ ಏರಿಸಿದ ಮೇಲೆ, ಒಂದು ಕೋಟಿಗೂ ಹೆಚ್ಚು ಮಕ್ಕಳನ್ನು ತಲುಪಿತು. ಅಭಿವೃದ್ಧಿಶೀಲ ಜಗತ್ತಿನಲ್ಲಿ ಇಷ್ಟು ವ್ಯಾಪಕವಾದ ನಗದು ನೆರವು ಅಂದು ಹೆಚ್ಚು ಕಡೆ ಇರಲಿಲ್ಲ.

ಯಾರ ಸಾಲಿನಲ್ಲಿ ಕುಳಿತುಕೊಳ್ಳುವುದು?

ವಿಶ್ವ ವ್ಯಾಪಾರ ಸಂಸ್ಥೆಗೆ ಮುಂಚಿನ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ಮೂಲ ಸದಸ್ಯನಾಗಿದ್ದ ದಕ್ಷಿಣ ಆಫ್ರಿಕಾ, ಬಿಳಿಯರ ಸರ್ಕಾರದ ಕಾಲದಲ್ಲಿ ತನ್ನನ್ನು ‘ಅಭಿವೃದ್ಧಿ ಹೊಂದಿದ ದೇಶ’ ಎಂದು ಕರೆದುಕೊಂಡಿತ್ತು. 1994ರ ಏಪ್ರಿಲ್‌ನಲ್ಲಿ ಮರಾಕೇಶ್‌ನಲ್ಲಿ ಉರುಗ್ವೆ ಸುತ್ತು ಎಂಬ ವ್ಯಾಪಾರ ಮಾತುಕತೆಯ ಒಪ್ಪಂದಕ್ಕೆ ಸಹಿ ಬಿದ್ದಾಗಲೂ ಆ ಪಟ್ಟಿಯಲ್ಲೇ ಅದು ಇತ್ತು. ಸುಂಕ ಇಳಿಕೆಯಲ್ಲಿ ಬಡ ದೇಶಗಳಿಗೆ ದೊರೆತ ದೀರ್ಘಾವಧಿಯ ರಿಯಾಯಿತಿ ಅದಕ್ಕೆ ಸಹಜವಾಗಿ ಸಿಗಲಿಲ್ಲ. ಯುರೋಪಿಯನ್ ಒಕ್ಕೂಟದ ಬಳಿಯೂ ಹಾಗೆಯೇ ಆಯಿತು. ಆಫ್ರಿಕಾದ ನೆರೆಹೊರೆಯವರಿಗೆ ಸಿಗುತ್ತಿದ್ದ ಲೋಮೆ ಒಪ್ಪಂದದ ವ್ಯಾಪಾರ ಸವಲತ್ತುಗಳನ್ನು ಹೊಸ ಸರ್ಕಾರ ಕೇಳಿತು. ನೀವು ಅಷ್ಟು ಬಡವರಲ್ಲ ಎಂಬ ಉತ್ತರ ಬಂದಿತು. ಬದಲಾಗಿ ಪರಸ್ಪರ ಮುಕ್ತ ವ್ಯಾಪಾರದ ಮಾತುಕತೆ 1995ರಲ್ಲಿ ಆರಂಭವಾಗಿ 1999ರ ಅಕ್ಟೋಬರ್‌ನಲ್ಲಿ ಸಹಿಗೆ ಬಂದಿತು.

ಈ ಮಾತುಕತೆಯ ಕೊನೆಯ ಹಂತ ಒಂದು ದೇಶದ ನೈಜ ಸ್ಥಾನವನ್ನು ಬಯಲುಮಾಡುವಂತಿದೆ. ಕೇಪ್ ಪ್ರಾಂತ್ಯದ ದ್ರಾಕ್ಷಿ ಬೆಳೆಗಾರರು ತಲೆಮಾರುಗಳಿಂದ ತಯಾರಿಸುತ್ತಿದ್ದ ಎರಡು ಬಗೆಯ ಮದ್ಯಗಳನ್ನು ‘ಪೋರ್ಟ್’ ಮತ್ತು ‘ಶೆರಿ’ ಎಂಬ ಹೆಸರುಗಳಲ್ಲಿ ಮಾರುವಂತಿಲ್ಲ, ಆ ಹೆಸರುಗಳು ನಮ್ಮ ಊರುಗಳವು ಎಂದು ಪೋರ್ಚುಗಲ್ ಮತ್ತು ಸ್ಪೇನ್ ಪಟ್ಟು ಹಿಡಿದವು. ರಫ್ತಿನಲ್ಲಿ ಐದು ವರ್ಷಗಳೊಳಗೆ, ದೇಶೀಯ ಮಾರುಕಟ್ಟೆಯಲ್ಲಿ ಹನ್ನೆರಡು ವರ್ಷಗಳೊಳಗೆ ಆ ಹೆಸರುಗಳನ್ನು ಬಿಡಲು ಪ್ರಿಟೋರಿಯಾ ಒಪ್ಪಿತು. ಸಹಿಯಾದ ಮೇಲೆ ಇಟಲಿ ‘ಗ್ರಾಪ್ಪಾ’ವನ್ನೂ ಗ್ರೀಸ್ ‘ಊಜೊ’ವನ್ನೂ ಮುಂದಿಟ್ಟುಕೊಂಡು ಮತ್ತೆ ತಕರಾರು ತೆಗೆದವು. ಇತ್ತ ದಕ್ಷಿಣ ಆಫ್ರಿಕಾದ ಸುಂಕ ಒಕ್ಕೂಟದಲ್ಲಿದ್ದ ಬೋಟ್ಸ್ವಾನಾ, ಲೆಸೊಥೊ, ನಮೀಬಿಯಾ, ಸ್ವಾಜಿಲ್ಯಾಂಡ್‌ಗಳು ಈ ಒಪ್ಪಂದದಲ್ಲಿ ತಮ್ಮನ್ನು ಸರಿಯಾಗಿ ಕೇಳಲಿಲ್ಲವೆಂದು ದೂರಿದವು. ಅವುಗಳ ಸರ್ಕಾರಿ ಆದಾಯದ ದೊಡ್ಡ ಪಾಲು ಆಮದು ಸುಂಕದಿಂದಲೇ ಬರುತ್ತಿತ್ತು. ಬ್ರಸೆಲ್ಸ್‌ನಲ್ಲಿ ಬಡವನೆಂದು ಒಪ್ಪಿಸಲಾಗದ ದೇಶವೇ ತನ್ನ ನೆರೆಯವರಿಗೆ ಬಲಾಢ್ಯನಾಗಿ ಕಾಣುತ್ತಿತ್ತು.

ವೇದಿಕೆಗಳ ಗೌರವಕ್ಕೆ ಕೊರತೆಯಿರಲಿಲ್ಲ. 1996ರಲ್ಲಿ ಮಿಡ್‌ರ‍್ಯಾಂಡ್‌ನಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮಾವೇಶ, 1998ರಲ್ಲಿ ಡರ್ಬನ್‌ನಲ್ಲಿ ಅಲಿಪ್ತ ದೇಶಗಳ ಶೃಂಗಸಭೆ ನಡೆದವು. 1999ರಲ್ಲಿ ಜಿ20 ರೂಪುಗೊಂಡಾಗ ಆಫ್ರಿಕಾದಿಂದ ಸೇರಿದ ಏಕೈಕ ದೇಶ ಇದು. ಮ್ಯಾನುಯೆಲ್ ಅವರು ಹಣಕಾಸು ನಿಧಿ ಮತ್ತು ವಿಶ್ವ ಬ್ಯಾಂಕಿನ ಜಂಟಿ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದರು. ಸಾಲ ಪಡೆಯದೆ ಶಿಸ್ತು ಪಾಲಿಸಿದವರಿಗೆ ಈ ಕುರ್ಚಿಗಳು ಸಿಗುತ್ತವೆ. ಅವುಗಳಿಂದ ಏನನ್ನು ಬದಲಿಸಬಹುದು ಎಂಬುದು ಬೇರೆ ಪ್ರಶ್ನೆ.

ಬದಲಿಸಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ, ಅದು ಇಂಥ ಕುರ್ಚಿಯಿಂದ ಬಂದದ್ದಲ್ಲ. 1997ರಲ್ಲಿ ಸರ್ಕಾರ ಔಷಧ ಕಾಯ್ದೆಗೆ ತಿದ್ದುಪಡಿ ತಂದು ಅಗ್ಗದ ಔಷಧಗಳ ಆಮದಿಗೆ ದಾರಿ ಮಾಡಿತು. 1998ರ ಫೆಬ್ರವರಿಯಲ್ಲಿ ಔಷಧ ಕಂಪನಿಗಳು ಅದರ ವಿರುದ್ಧ ಪ್ರಿಟೋರಿಯಾದ ಹೈಕೋರ್ಟಿಗೆ ಹೋದವು. ಅಮೆರಿಕ ದಕ್ಷಿಣ ಆಫ್ರಿಕಾವನ್ನು ತನ್ನ ವ್ಯಾಪಾರ ನಿಗಾ ಪಟ್ಟಿಗೆ ಸೇರಿಸಿತು. ದಶಕದ ಕೊನೆಯ ಹೊತ್ತಿಗೆ ದೇಶದಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಸೋಂಕಿತರಿದ್ದರು. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸೋಂಕಿತರ ಚಳವಳಿ ಮೊಕದ್ದಮೆಯಲ್ಲಿ ಸರ್ಕಾರದ ಪರ ನಿಂತಿತು. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಮೂರು ಔಷಧಗಳ ಜೋಡಣೆಯನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ಗೆ ಸೇವಾ ಸಂಸ್ಥೆಯೊಂದಕ್ಕೆ ಕೊಡುವುದಾಗಿ ಘೋಷಿಸಿದಾಗ, ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗಳ ಬೆಲೆ ಯಾತಕ್ಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಾಯಿತು. ಏಪ್ರಿಲ್ 19ರಂದು 39 ಕಂಪನಿಗಳು ಮೊಕದ್ದಮೆಯನ್ನು ಹಿಂತೆಗೆದುಕೊಂಡವು, ನವೆಂಬರ್‌ನಲ್ಲಿ ದೋಹಾದ ವ್ಯಾಪಾರ ಸಭೆ ಸಾರ್ವಜನಿಕ ಆರೋಗ್ಯದ ಹಕ್ಕನ್ನು ಘೋಷಣೆಯಾಗಿ ಅಂಗೀಕರಿಸಿತು. ದೇಶದೊಳಗಿನ ಚಳವಳಿ, ಇನ್ನೊಂದು ಅಭಿವೃದ್ಧಿಶೀಲ ದೇಶದ ಉತ್ಪಾದನಾ ಶಕ್ತಿ ಮತ್ತು ಸರ್ಕಾರದ ಕಾನೂನು ಈ ಮೂರೂ ಒಂದಾದ ಅಪರೂಪದ ಸಂದರ್ಭವದು. ಅದೇ ಸರ್ಕಾರ ಅಧ್ಯಕ್ಷ ಥಾಬೋ ಎಂಬೆಕಿಯವರ ಏಡ್ಸ್‌ಗೆ ಎಚ್‌ಐವಿಯೇ ಕಾರಣವೇ ಎಂಬ ಸಂದೇಹಗಳ ನೆರಳಿನಲ್ಲಿ ಔಷಧ ವಿತರಣೆಗೆ ಹಿಂಜರಿಯಿತು. 2002ರಲ್ಲಿ ಅದೇ ಚಳವಳಿ ಅದೇ ಸರ್ಕಾರವನ್ನು ಸಾಂವಿಧಾನಿಕ ನ್ಯಾಯಾಲಯಕ್ಕೆ ಎಳೆದು, ಸೋಂಕು ಮಗುವಿಗೆ ದಾಟದಂತೆ ತಡೆಯುವ ನೆವಿರಾಪಿನ್ ಔಷಧವನ್ನು ಗರ್ಭಿಣಿಯರಿಗೆ ಕೊಡಲೇಬೇಕೆಂಬ ಆದೇಶ ಪಡೆಯಬೇಕಾಯಿತು.

ಇನ್ನೊಂದು ತುದಿಯಲ್ಲಿದ್ದದ್ದು ಬಟ್ಟೆ. ಕೇಪ್ ಟೌನ್‌ನ ಸಾಲ್ಟ್ ರಿವರ್ ಮತ್ತು ಡರ್ಬನ್‌ನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ನಮ್ಮ ಪೀಣ್ಯದಂತೆಯೇ, ಹೊಲಿಗೆ ಯಂತ್ರದ ಮುಂದೆ ಕುಳಿತವರು ಹೆಚ್ಚಾಗಿ ಹೆಂಗಸರು. ವಿಶ್ವ ವ್ಯಾಪಾರ ಸಂಸ್ಥೆ ಕೊಟ್ಟಿದ್ದ ಗಡುವಿಗಿಂತ ಮೊದಲೇ ಸಿದ್ಧ ಉಡುಪಿನ ಸುಂಕವನ್ನು ಶೇ 40ಕ್ಕೆ ಇಳಿಸಲು ಸರ್ಕಾರ ತಾನಾಗಿ ನಿರ್ಧರಿಸಿತ್ತು. ಸ್ಪರ್ಧೆಯಿಂದ ಉದ್ಯಮ ಚುರುಕಾಗುತ್ತದೆ ಎಂಬ ಲೆಕ್ಕ ಕಾರು ಉದ್ಯಮದ ಮಟ್ಟಿಗೆ ನಿಜವಾಯಿತು, ಏಕೆಂದರೆ ಅಲ್ಲಿ 1995ರಿಂದ ರಫ್ತು ಮಾಡಿದವರಿಗೆ ಆಮದು ಸುಂಕದ ರಿಯಾಯಿತಿ ಕೊಡುವ ಪ್ರತ್ಯೇಕ ಯೋಜನೆ ಇತ್ತು. ಪ್ರಿಟೋರಿಯಾ ಬಳಿಯ ರೋಸ್ಲಿನ್‌ನಲ್ಲಿ ತಯಾರಾದ ಬಿಎಂಡಬ್ಲ್ಯು ಕಾರುಗಳು ಅಮೆರಿಕಕ್ಕೆ ಹೋದವು. ಗಾರ್ಮೆಂಟ್ಸ್‌ಗೆ ಅಂಥ ಬಲವಾದ ಆಸರೆ ಇರಲಿಲ್ಲ. ಕಾರ್ಮಿಕ ಸಂಘದ ಒತ್ತಾಯದ ಮೇಲೆ 2006ರಲ್ಲಿ ಚೀನಾದೊಂದಿಗೆ ಒಪ್ಪಂದವಾಗಿ, 2007 ಮತ್ತು 2008ರಲ್ಲಿ 31 ಬಗೆಯ ಚೀನೀ ಬಟ್ಟೆ ಮತ್ತು ಉಡುಪುಗಳಿಗೆ ಆಮದು ಮಿತಿ ಹೇರಲಾಯಿತು. ಕೇಪ್ ಟೌನ್‌ನ ಅಂಗಡಿಗಳು ಅವೇ ಬಗೆಯ ಉಡುಪುಗಳನ್ನು ಬೇರೆ ಏಷ್ಯಾ ದೇಶಗಳಿಂದ ತರಿಸಿಕೊಂಡವು. ಮುಚ್ಚಿದ ಕಾರ್ಖಾನೆಗಳು ತೆರೆಯಲಿಲ್ಲ.

2009ರಲ್ಲಿ ಚೀನಾ ದಕ್ಷಿಣ ಆಫ್ರಿಕಾದ ಅತಿ ದೊಡ್ಡ ವ್ಯಾಪಾರ ಪಾಲುದಾರನಾಯಿತು. 2010ರ ಡಿಸೆಂಬರ್‌ನಲ್ಲಿ ಅದೇ ಚೀನಾದ ಆಹ್ವಾನದ ಮೇಲೆ ಬ್ರೆಜಿಲ್, ರಷ್ಯಾ, ಭಾರತ, ಚೀನಾಗಳ ಬ್ರಿಕ್ ಕೂಟಕ್ಕೆ ದಕ್ಷಿಣ ಆಫ್ರಿಕಾ ಐದನೆಯ ಸದಸ್ಯನಾಗಿ ಸೇರಿತು, ಮುಂದಿನ ಏಪ್ರಿಲ್‌ನಲ್ಲಿ ಸಾನ್ಯಾದ ಶೃಂಗಸಭೆಯಲ್ಲಿ ಕುಳಿತಿತು. ಕೂಟ ಸ್ಥಾಪಿಸಿದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನ ಮೊದಲ ಅಧ್ಯಕ್ಷರಾದ ಮಂಗಳೂರಿನ ಕೆ. ವಿ. ಕಾಮತ್ ಅವರ ಅವಧಿಯಲ್ಲಿ, 2016ರಲ್ಲಿ, ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ಗೆ 18 ಕೋಟಿ ಡಾಲರ್ ಸಾಲ ಮಂಜೂರಾಯಿತು. ಆ ಹೊತ್ತಿಗೆ ಡರ್ಬನ್ ಬಂದರಿಗೆ ಬರುತ್ತಿದ್ದ ಚೀನೀ ಹಡಗುಗಳಲ್ಲಿ ಯಂತ್ರಗಳು, ಫೋನುಗಳು, ಬಟ್ಟೆ ಇದ್ದವು. ದೇಶದ ಬಂದರುಗಳಿಂದ ಚೀನಾಕ್ಕೆ ಹೊರಡುತ್ತಿದ್ದವುಗಳಲ್ಲಿ ಹೆಚ್ಚಾಗಿ ಕಬ್ಬಿಣದ ಅದಿರು, ಮ್ಯಾಂಗನೀಸ್ ಮತ್ತು ಕ್ರೋಮ್ ಇದ್ದವು.